ರಾಜನಿಲ್ಲದ ಬೊಂಬೆಗಳು

ಅಲೆನ್‌ನ ಮನೆಯಿಂದ

ಅತ್ತೆಯವರಿಗೆ ನಮಸ್ಕಾರ.

ಫೋನಿನಲ್ಲಿ ಮಾತಿಗೆ ಮಾತು ಬೆಳೆಯಿತು. ಅದಕ್ಕೇ ಮಗಳು ಸಿಯಾ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ.

"ಆ ಬೆತ್ತಲೆ ಬೊಂಬೆಗಳನ್ನ ಇಳಿಸು, ಇಲ್ದಿದ್ರೆ ದಸರಾಕ್ಕೆ ನಾನು ಬರಲ್ಲ" ಅಂದಿರಿ. ಇಳಿಸುವುದಿಲ್ಲ. ಆಸ್ಟಿನ್‌ನಲ್ಲಿ ಪುರಾತತ್ವ ಓದುತ್ತಿರುವ ನಿಮ್ಮ ಮೊಮ್ಮಗಳು ಅವನ್ನು ಕೈಯಾರೆ ಮಾಡಿದ್ದಾಳೆ. ಯುರೋಪಿನಲ್ಲಿ, ಸುಮಾರು ಏಳು ಸಾವಿರ ವರ್ಷ ಹಳೆಯ ರೈತರ ಗುಡಿಯೊಂದನ್ನು ಅಗೆದಾಗ ಇಂಥವೇ ಸಿಕ್ಕವಂತೆ: ಮಣ್ಣಿನ ಪುಟ್ಟ ಕುರ್ಚಿಗಳು, ಕೂರಲು ಮಣ್ಣಿನ ಹೆಂಗಸರು. ಎಲ್ಲವನ್ನೂ ಒಂದು ಗಡಿಗೆಯಲ್ಲಿ ಜೋಪಾನವಾಗಿ ತುಂಬಿಟ್ಟಿದ್ದರಂತೆ, ನೀವು ಹಳೇ ಸೀರೆ ಸುತ್ತಿ ಟ್ರಂಕಿಗೆ ತುಂಬುವ ಹಾಗೆ.

"ಪಟ್ಟದ ಬೊಂಬೇಲಿ ರಾಣಿ ಪಕ್ಕ ರಾಜ ಇರ್ತಾನೆ. ಇವರ ಪಕ್ಕ ಯಾರಿದಾರೆ?" ಎಂದೂ ಕೇಳಿದಿರಿ. ಯಾರೂ ಇಲ್ಲ. ಆದರೂ ಗುಡಿಯೊಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಾವ ಹೋದಮೇಲೆ ಮೂರು ದಸರಾ ನೀವು ಅಡುಗೆಮನೆ ಬಾಗಿಲಲ್ಲಿ ನಿಂತೇ ಆರತಿ ನೋಡಿದಿರಿ. ನಾನೂ ಸುಮ್ಮನಿದ್ದೆ. ಅದು ನನ್ನ ತಪ್ಪು.

ಶನಿವಾರ ಸಿಯಾ ಇರ್ವಿಂಗ್‌ಗೆ ಬಂದು ನಿಮ್ಮನ್ನು ಕರೆತರುತ್ತಾಳೆ. ಎತ್ತಿಟ್ಟಿರುವ ನಿಮ್ಮ ಬೆಳ್ಳಿ ಆರತಿ ತಟ್ಟೆ ತನ್ನಿ. ಈ ಸಲ ಆರತಿ ಎತ್ತುವವರು ನೀವು. ನೀವು ಮತ್ತೆ ಬಾಗಿಲಲ್ಲೇ ನಿಂತರೆ, ನಮ್ಮ ಮನೆಯಲ್ಲಿ ಆರತಿಯೇ ಇಲ್ಲ.

ನಿಮ್ಮ ಹಟಮಾರಿ ಸೊಸೆ,
ನಿವೇದಿತಾ