ಆಗ್ರಾಕ್ಕೆ ಬರಬೇಡಿ ಅಂದವಳು

ಸೆಪ್ಟೆಂಬರ್ 28, 1981. ಸೋಮವಾರ

ಎಂಟನೇ ಕ್ಲಾಸಿನ ಚರಿತ್ರೆ ಪೇಪರು ತಿದ್ದಿ ಮುಗೀತು. ಅಕ್ಬರನ ಮಗ ಹುಮಾಯೂನ್ ಅಂತ ಒಂದೇ ಬೆಂಚಿನ ಮೂವರೂ ಬರೆದಿದ್ದಾರೆ. ಮೂವರಿಗೂ ಸೊನ್ನೆ. ಮಧ್ಯಾಹ್ನ ತಲೆನೋವು. ಕಾಫಿ ಕುಡಿದ ಮೇಲೆ ಹೋಯ್ತು.

ಹೆಡ್‌ಮಿಸ್ಟ್ರೆಸ್ ಗುರುಸಿದ್ದಮ್ಮ ಮೇಡಂ ಕರೆಸಿದ್ರು. ದಸರಾ ರಜದಲ್ಲಿ ಹತ್ತನೇ ಕ್ಲಾಸಿನ ಹುಡುಗೀರಿಗೆ ಆಗ್ರಾ, ದೆಹಲಿ ಟೂರು. ಜೊತೆಗೆ ನಾನು ಬರಬೇಕಂತೆ. ಹೂಂ ಅಂದೆ. ಎದ್ದುಹೋಗಿ ಬಾಗಿಲು ಮುಂದೆ ಮಾಡಿಬಂದ್ರು.

"ಆಗ್ರಾದಲ್ಲಿ ಒಂದು ಗಂಡು ನೋಡೋದಿದೆ ಕಣೇ ಮಂಗಳಾ."

"ಯಾರಿಗೆ ಮೇಡಂ?"

"ನಿಂಗೇ."

ಗಂಡು ಮೇಡಂ ಅವರ ಊರಾದ ನೊಣವಿನಕೆರೆಯವರೇ. ಕಾಡಸಿದ್ದಪ್ಪ ಅಂತ. ಪುರಾತತ್ವ ಇಲಾಖೆಯ ತೋಟದ ವಿಭಾಗ — ತಾಜ್‌ಮಹಲಿನ ಹುಲ್ಲು, ಗಿಡ, ಮರ ನೋಡ್ಕೊಳ್ಳೋ ಕೆಲಸ. ನಲವತ್ತು ದಾಟಿದೆ. ಹೆಂಡತಿ ಕಾಮಾಲೆಯಾಗಿ ತೀರಿಕೊಂಡ್ರು. ಒಬ್ಬಳೇ ಮಗಳು.

ನಂಗೆ ಮೂವತ್ನಾಲ್ಕು. ಅಮ್ಮ ಹಾಸಿಗೆ ಹಿಡಿದಿದ್ದ ವರ್ಷಗಳಲ್ಲಿ ಬಂದ ಸಂಬಂಧಗಳನ್ನೆಲ್ಲ ನಾನೇ ಬೇಡ ಅಂದೆ. ಅಮ್ಮ ಹೋದಮೇಲೆ ಬರೋದೇ ನಿಂತ್ವು. ಗಂಡು ಬಂದು ಹೆಣ್ಣು ನೋಡೋದು ಗೊತ್ತು. ಹೆಣ್ಣು ರೈಲು ಹತ್ತಿ ಹೋಗಿ ಗಂಡು ನೋಡೋದು… ಯೋಚನೆ ಮಾಡ್ತೀನಿ ಅಂದೆ.

ಸೆಪ್ಟೆಂಬರ್ 30

ಮೇಡಂ ನಮ್ಮಣ್ಣನ ಕೊಬ್ಬರಿ ಮಂಡಿಗೇ ಹೋಗಿ ಹೇಳಿಬಿಟ್ಟಿದ್ದಾರೆ. ಊಟಕ್ಕೆ ಕೂತಾಗ ಅಣ್ಣ ತಟ್ಟೆ ನೋಡ್ಕೊಂಡೇ ಅಂದ — "ನಮ್ಮ ತಿಪಟೂರು ಕೊಬ್ಬರಿ ಹೋಗೋ ಕಡೆ ತಾನೇ. ಹೋಗ್ಬಾ. ಇಷ್ಟ ಆಗ್ಲಿಲ್ಲ ಅಂದ್ರೆ ತಾಜ್‌ಮಹಲ್ ನೋಡಿದ್ದಾಯ್ತು."

ಅಣ್ಣ ತೋಂಟದಾರ್ಯ ಇಷ್ಟು ಉದ್ದದ ಮಾತಾಡೋದು ಅಪರೂಪ. ಅತ್ತಿಗೆ ಮೀನಾಕ್ಷಮ್ಮ ತಟ್ಟೆ ಎತ್ಕೊಂಡು ಒಳಗೆ ಹೋದ್ರು. ಪಾತ್ರೆ ತೊಳೆಯೋವಾಗ ಅಂದ್ರು, "ನೀನೂ ಹೋದ್ರೆ ಈ ಮನೇಲಿ ನಂಜೊತೆ ಮಾತಾಡೋರು ಯಾರೇ?"

ತೊಳೆದ ಲೋಟ ಒರೆಸಿ ಗೂಡಿಗೆ ಜೋಡಿಸಿದೆ.

ಅಕ್ಟೋಬರ್ 11. ರೈಲಿನಲ್ಲಿ

ಬೆಂಗಳೂರು ಬಿಟ್ಟು ಎರಡನೇ ದಿನ. ಸ್ಟೇಷನ್ ಹೆಸರೆಲ್ಲ ಹಿಂದಿ. ಹಿಂದಿ ಪರೀಕ್ಷೆ ಪ್ರಥಮಾ, ಮಧ್ಯಮಾ ಪಾಸಾಗಿದ್ದು ಈಗ ಉಪಯೋಗಕ್ಕೆ ಬಂತು — ಕುಡಿಯೋ ನೀರು ಎಲ್ಲಿ ಅಂತ ಕೇಳಬಲ್ಲೆ. ಹುಡುಗೀರು ಅಂತ್ಯಾಕ್ಷರಿ ಹಾಡಿ ಗಂಟಲು ಕಟ್ಟಿಸ್ಕೊಂಡಿದ್ದಾರೆ. ಚಟ್ನಿಪುಡಿ ಡಬ್ಬಿ ಒಂದು ಪೂರಾ ಚೆಲ್ಲಿ ಬರ್ತ್ ಎಲ್ಲ ಘಾಟು. ಮೇಡಂ ಸುಮ್ಮನಿರದೆ ಆಗಾಗ ನನ್ನ ಮುಖ ನೋಡ್ತಾರೆ. ನಾನು ಹೊರಗೆ ನೋಡ್ತೀನಿ. ಒಂದು ತೆಂಗಿನ ಮರವೂ ಇಲ್ಲ.

ಅಕ್ಟೋಬರ್ 12. ಆಗ್ರಾ

ಧರ್ಮಶಾಲೆ. ಬೆಳಿಗ್ಗೆ ತಾಜ್.

ಕಾಡಸಿದ್ದಪ್ಪನವರು ಗೇಟಿನ ಹತ್ರ ನಿಂತಿದ್ರು. ಎತ್ತರ ಸಾಧಾರಣ, ಬಿಸಿಲಿಗೆ ಕಪ್ಪಾದ ಮುಖ, ಹಣೇಲಿ ತೆಳ್ಳಗೆ ವಿಭೂತಿ. ಮೇಡಂಗೆ ನಮಸ್ಕಾರ, ಹುಡುಗೀರಿಗೆ "ಬನ್ರಮ್ಮ." ನನ್ನ ಕಡೆ ನೋಡಲಿಲ್ಲ. ನಾನೂ ಗೋಪುರ ನೋಡ್ತಾ ನಿಂತೆ.

ತಾಜ್ ಬಗ್ಗೆ ಏನು ಬರೆಯೋದು. ಬಿಳಿ. ಪುಸ್ತಕದ ಚಿತ್ರದಲ್ಲಿ ಇರೋ ಹಾಗೇ ಇದೆ, ಅದೇ ಆಶ್ಚರ್ಯ. ಹತ್ತಿರ ಹೋದರೆ ಮಾತ್ರ ಬೇರೆ — ಗೋಡೆಯ ಹೂವೆಲ್ಲ ಕಲ್ಲಿಗೆ ಕಲ್ಲು ಕೂರಿಸಿದ್ದು, ಬೆರಳಾಡಿಸಿದರೆ ಅಂಚು ತಗಲೋದಿಲ್ಲ. ಮೆಟ್ಟಿಲಿಳಿದು ನಿಜವಾದ ಗೋರಿ ನೋಡಿದ್ವಿ. ಮೇಲೆ ಬಂದಮೇಲೆ ಗುಮ್ಮಟದಡಿ ಕಾವಲಿನವನು ಒಂದು ಕೂಗು ಹಾಕಿದ. ಸದ್ದು ಸುತ್ತಿ ಸುತ್ತಿ ನಿಧಾನಕ್ಕೆ ಅಡಗ್ತು. 

ಹೊರಗೆ ಬಂದ ಮೇಲೆ ಮೇಡಂ ಹುಡುಗೀರನ್ನೆಲ್ಲ ಫೋಟೋಗೆ ಸಾಲು ನಿಲ್ಲಿಸೋ ನೆಪದಲ್ಲಿ ನಮ್ಮಿಬ್ಬರನ್ನ ಬಿಟ್ಟುಹೋದ್ರು. ಕಾಲುವೆ ಪಕ್ಕ ನಡೆದ್ವಿ.

"ಮೊದಲೇ ಹೇಳಿಬಿಡ್ತೀನಿ," ಅಂದ್ರು. "ನಂಗೆ ಈ ವಯಸ್ಸಲ್ಲಿ ಇನ್ನೊಂದು ಮದುವೆ ಆಸೆಯೇನಿಲ್ಲ. ಮಗಳು ಬೆಳೀತಿದ್ದಾಳೆ. ಬೆಳಿಗ್ಗೆ ಬಂದ್ರೆ ಸಂಜೆವರೆಗೂ ನಾನು ಇಲ್ಲೇ. ಅವಳ ಸಲುವಾಗಿ ಕೇಳ್ತಿದೀನಿ."

"ಹಾಗಾದ್ರೆ ಆಯಾ ಇಟ್ಕೊಳ್ಳಿ."

ಬಾಯಿಂದ ಬಂದೇ ಹೋಯ್ತು. ಸಿಟ್ಟಾಗ್ತಾರೆ ಅಂದ್ಕೊಂಡೆ. ಬಗ್ಗಿ ಹುಲ್ಲಿನ ಮೇಲೆ ಬಿದ್ದಿದ್ದ ಕಾಗದ ಎತ್ತಿ ಜೇಬಿಗೆ ಹಾಕ್ಕೊಂಡ್ರು.

"ಇಟ್ಟಿದ್ದೆ. ಅವಳನ್ನ ನನ್ನ ಮಗಳೇ ಓಡಿಸಿದ್ಲು."

ನಂಗೆ ನಗು ಬಂತು. ತಡ್ಕೊಳ್ಳೋಕೆ ಆಗಲಿಲ್ಲ. ಅವರೂ ನಕ್ರು. ದೂರದಿಂದ ಮೇಡಂ ನೋಡಿ ಏನೇನೋ ಅಂದ್ಕೊಂಡಿರಬೇಕು.

ಸುಳ್ಳು ಹೇಳೋ ಮನುಷ್ಯ ಅಲ್ಲ. ಅಷ್ಟು ಬರೆದಿಡ್ತೀನಿ.

ಅಕ್ಟೋಬರ್ 13. ಫತೇಪುರ್ ಸಿಕ್ರಿ ನೋಡಿ ಬಂದು

ರಜ ಹಾಕಿ ಮಗಳನ್ನೂ ಕರ್ಕೊಂಡು ನಮ್ಮ ಬಸ್ಸಿಗೇ ಬಂದ್ರು. ಗೌರಿ. ಹನ್ನೆರಡು ತುಂಬಿದೆ. ಊರಲ್ಲಿರೋ ಅಜ್ಜಿ, ಅಪ್ಪನ ತಾಯಿ ಚಿಕ್ಕಗೌರಮ್ಮನ ಹೆಸರು ಇಟ್ಟಿದ್ದಂತೆ. ಬಿಗಿಯಾಗಿ ಎರಡು ಜಡೆ. ಕನ್ನಡದಲ್ಲಿ ಕೇಳಿದ್ರೆ ಅರ್ಥ ಆಗುತ್ತೆ, ಉತ್ತರ ಹಿಂದಿ.

ಇಡೀ ಊರು ಕೆಂಪು ಕಲ್ಲು. ಅರಮನೆ, ಅಂಗಳ, ಕುದುರೆ ಲಾಯ, ಎಲ್ಲ ಇದೆ — ಜನ ಇಲ್ಲ. ನೀರು ಸಾಲದೆ ಬಿಟ್ಟುಹೋದ್ರು ಅಂತ ಇಷ್ಟು ವರ್ಷ ಪಾಠ ಮಾಡಿದ್ದೀನಿ. ಮಾಡೋವಾಗ ಇಷ್ಟು ದೊಡ್ಡದು ಅಂತ ಗೊತ್ತಿರಲಿಲ್ಲ. ಇಷ್ಟನ್ನೂ ಕಟ್ಟಿಬಿಟ್ಟು ಹೋಗೋಕೆ ಗುಂಡಿಗೆ ಬೇಕು.

ದರ್ಗಾದಲ್ಲಿ ಹುಡುಗೀರು ಜಾಲಂದ್ರದ ಕಲ್ಲಿಗೆ ಹರಕೆ ದಾರ ಕಟ್ಟೋಕೆ ಮುಗಿಬಿದ್ರು. ಎಸ್ಸೆಸ್ಸೆಲ್ಸಿ ಪಾಸಾಗ್ಲಿ ಅಂತ ಇರಬೇಕು. ನಾನು ನೆರಳಲ್ಲಿ ಕೂತೆ. ಗೌರಿ ಬಂದು ಸ್ವಲ್ಪ ದೂರ ಬಿಟ್ಟು ಕೂತ್ಲು. ಅಪ್ಪ ಎಲ್ಲಿದ್ದಾರೆ ಅಂತ ಒಂದ್ಸಲ ತಿರುಗಿ ನೋಡಿಕೊಂಡ್ಲು. ಆಮೇಲೆ ಮೆಲ್ಲಗೆ,

"ಆಪ್ ಮತ್ ಆಯಿಯೇ."

ಬರಬೇಡಿ. ಜಗಳದ ದನಿಯಲ್ಲ. ಕೇಳ್ಕೊಳ್ತಿದ್ದಾಳೆ. ಅಮ್ಮನ ಸೀರೆಯೆಲ್ಲ ಇನ್ನೂ ಬೀರುವಿನಲ್ಲೇ ಇವೆಯಂತೆ. ನೀವು ಬಂದ್ರೆ ಅವನ್ನ ತೆಗೀಬೇಕಾಗುತ್ತೆ ಅಂದ್ಲು. ಹಿಂದಿಯಲ್ಲಿ ನಂಗೆ ಅರ್ಥವಾದದ್ದು ಇಷ್ಟು.

"ನಹೀ ಆವೂಂಗಿ," ಅಂದೆ. ಬರೋದಿಲ್ಲ. ವ್ಯಾಕರಣ ಸರಿಯಿತ್ತು.

ಕಣ್ಣು ಒರೆಸಿಕೊಂಡು ಎದ್ದುಹೋದ್ಲು.

ವಾಪಸ್ ಬಸ್ಸಿಳಿಯೋವಾಗ ಗೌರಿ ಅಪ್ಪ ಬಾಗಿಲ ಹತ್ರ ನಿಂತಿದ್ರು. ನಾನೇ ಹೇಳಿದೆ — ಇದು ಆಗೋದಿಲ್ಲ ಅಂತ.

"ಗೌರಿ ಏನಾದ್ರೂ ಅಂದ್ಲಾ?"

"ಇಲ್ಲ. ಒಳ್ಳೇ ಹುಡುಗಿ."

ಸುಳ್ಳು ನಾನು ಹೇಳಿದೆ.

ಅಕ್ಟೋಬರ್ 15. ದೆಹಲಿ

ಕೆಂಪು ಕೋಟೆ. ಕುತುಬ್. ಕಾಲು ಊದಿದೆ.

ಅಕ್ಟೋಬರ್ 21. ತಿಪಟೂರು

ಅಣ್ಣ ಕೇಳಲಿಲ್ಲ. ಅತ್ತಿಗೆ ಕೇಳಿದ್ರು. ಬೇಡ ಅಂದೆ ಅಂತಷ್ಟೇ ಹೇಳಿದೆ. ಖುಷಿಯಾಗ್ತಾರೆ ಅಂದ್ಕೊಂಡಿದ್ದೆ. "ಹೋಗ್ಲಿ ಬುಡು," ಅಂದವರು ಒಳಗೆ ಹೋಗಿ ತುಂಬ ಹೊತ್ತು ಬರಲೇ ಇಲ್ಲ. ಮೇಡಂಗೆ ಸಿಟ್ಟು — "ಹಲ್ಲು ಬಿಟ್ಕೊಂಡು ನಗ್ತಾ ಇದ್ಯಲ್ಲೇ ಅಲ್ಲಿ! ಆಮೇಲೇನಾಯ್ತು ನಿಂಗೆ?"

ಏನೂ ಆಗಲಿಲ್ಲ ಮೇಡಂ.

ನವೆಂಬರ್ 9

ಮೊಘಲರ ಪಾಠ ಮತ್ತೆ. ಫತೇಪುರ್ ಸಿಕ್ರಿ ಅಂತ ಬೋರ್ಡಿನ ಮೇಲೆ ಬರೆದು ಅದರಡಿ ಗೆರೆ ಮೇಲೆ ಗೆರೆ ಎಳೀತಿದ್ದೆ. ಹುಡುಗೀರು "ಮಿಸ್… ಮಿಸ್…" ಅಂದ್ರು. ಮುಂದುವರೆಸಿದೆ.

ಜೂನ್ 7, 1982

ಬರೆದು ಎಷ್ಟೋ ತಿಂಗಳಾಯ್ತು. ಬರೆಯೋಂಥದ್ದು ಇರಲಿಲ್ಲ.

ಇವತ್ತು ಎಂಟನೇ ಕ್ಲಾಸಿನ ಅಡ್ಮಿಷನ್. ತಲೆ ತಗ್ಗಿಸಿ ಹೆಸರು ಬರ್ಕೊಳ್ತಿದ್ದೆ. ಎದುರಿಗೆ ಎರಡು ಜಡೆ. ಗೌರಿ. ಪಕ್ಕದಲ್ಲಿ ಕೋಲೂರಿಕೊಂಡು ಚಿಕ್ಕಗೌರಮ್ಮ.

"ಮೈನೆರೆದ್ಲು ಕಣಮ್ಮ," ಅಂದ್ರು ಅಜ್ಜಿ, ಕ್ಯೂನಲ್ಲಿದ್ದ ಎಲ್ಲರಿಗೂ ಕೇಳೋ ಹಾಗೆ. "ಅಲ್ಲಿ ಗಂಡಸು ಒಬ್ನೇ ಏನ್ ಮಾಡ್ತಾನೆ? ನನ್ ಹತ್ರ ಬುಟ್ಟೋಗು ಅಂದೆ. ಬುಟ್ಟೋದ. ನೊಣವಿನಕೆರೆಯಿಂದ ಬಸ್ಸಲ್ಲಿ ಬತ್ತಾಳೆ."

ಗೌರಿ ನೆಲ ನೋಡ್ತಿದ್ಲು. ಕಿವಿ ಕೆಂಪಾಗಿತ್ತು. ನಾನು ಪೆನ್ನು ತಗೊಂಡು, ಕನ್ನಡ ಓದೋಕೆ ಬರುತ್ತಾ ಅಂದೆ. ಇಲ್ಲ ಅಂತ ತಲೆಯಾಡಿಸಿದ್ಲು. ಸಂಜೆ ಬಸ್ಸು ಬರೋವರೆಗೂ ಸ್ಟಾಫ್ ರೂಮಿನಲ್ಲಿ ಕೂತ್ಕೊ, ಹೇಳ್ಕೊಡ್ತೀನಿ ಅಂದೆ. ಬೇರೆ ಯಾರಿದ್ರೂ ಹಾಗೇ ಅಂತಿದ್ದೆ.

ಅಂತಿದ್ನಾ ನಾನು? ಗೊತ್ತಿಲ್ಲ.

ಜೂನ್ 30

ಕಾಗುಣಿತ ಮುಗೀತು. ಚುರುಕು. ಳ ಬರೋದಿಲ್ಲ — ಬಾಲೆಹಣ್ಣು ಅಂತಾಳೆ. ಕ್ಲಾಸಿನಲ್ಲಿ ಅವಳ ಹೆಸರೇ "ಆಗ್ರಾ" ಆಗಿದೆ. ಒಂದು ದಿನ ಯಾರೋ ಬೆಂಚಿನ ಮೇಲೆ ಹಾಗಂತ ಗೀಚಿದ್ರು. ತಾನೇ ಒರೆಸಿದ್ಲು. ನನ್ನ ಹತ್ರ ಹೇಳಲಿಲ್ಲ. ನನ್ನ ಹತ್ರ ಪಾಠ ಬಿಟ್ಟು ಏನೂ ಮಾತಾಡೋದಿಲ್ಲ. ನಾನೂ ಇಲ್ಲ.

ಜುಲೈ 19

ಮೂರನೇ ಪೀರಿಯಡ್ಡಿನಲ್ಲಿ ಬಾಗಿಲ ಹತ್ರ ಬಂದು ನಿಂತ್ಲು. ಬ್ಯಾಗು ಹಿಂದಕ್ಕೆ ಹಿಡ್ಕೊಂಡು, ಬಿಳಚಿಕೊಂಡು. ಕೇಳೋದೇ ಬೇಕಾಗಲಿಲ್ಲ. ಕ್ಲಾಸಿಗೆ ಓದ್ಕೊಳ್ಳಿ ಅಂತ ಹೇಳಿ ಮನೆಗೆ ಕರ್ಕೊಂಡು ಹೋದೆ. ಅತ್ತಿಗೆ ಒಂದು ಪ್ರಶ್ನೆ ಕೇಳದೆ ಬಿಸಿನೀರು ಕೊಟ್ಟು, ಲಂಗ ಒಗೆದು ಹಾಕಿ, ಮೆಂತ್ಯದ ಗಂಜಿ ಕುಡಿಸಿದ್ರು. ನನ್ನ ಕೋಣೆಯಲ್ಲಿ ಮಲಗಿ ನಿದ್ದೆ ಮಾಡಿದ್ಲು. ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿ — "ಇವಳೇನೇ ಆ ಮಗು?"

ಹೌದು ಅಂದೆ.

"ಅವತ್ತು ಏನಂದ್ಲೇ ಇವಳು?"

ಅತ್ತಿಗೆಗೆ ಅದು ಹೇಗೆ ಗೊತ್ತಾಯ್ತೋ. ಎಲ್ಲ ಹೇಳಿದೆ. ಮೊದಲ ಸಲ.

ಆಗಸ್ಟ್ 27

ಮಳೆ. ನೊಣವಿನಕೆರೆ ಬಸ್ಸು ತಡ. ಸ್ಟಾಫ್ ರೂಮಿನಲ್ಲಿ ಇಬ್ಬರೇ. ಡಿಕ್ಟೇಶನ್ ಕೊಡ್ತಿದ್ದೆ. ನಡುವೆ ಪೆನ್ಸಿಲ್ ಕೆಳಗಿಟ್ಲು.

"ಮಿಸ್, ನನ್ಮೇಲೆ ಕೋಪ ಇದೆಯಾ?"

"ಯಾಕೆ?"

"ನಾನು ಬರಬೇಡಿ ಅಂದೆ."

"ನಾನು ಬರಲಿಲ್ಲವಲ್ಲ."

ಯೋಚನೆ ಮಾಡಿದ್ಲು. ಕನ್ನಡದಲ್ಲಿ ವಾಕ್ಯ ಜೋಡಿಸ್ತಿದ್ದಾಳೆ ಅಂತ ಮುಖ ನೋಡಿದ್ರೆ ಗೊತ್ತಾಗುತ್ತೆ.

"ನೀವು ಬರಲಿಲ್ಲ. ನಾನೇ ಬಂದೆ."

ಡಿಕ್ಟೇಶನ್ ಮುಂದುವರೆಸಿದೆ. ಮುಂದಿನ ಪದ ಯಾವುದು ಅಂತ ಮರೆತುಹೋಗಿ ಎರಡು ಸಲ ಒಂದನ್ನೇ ಹೇಳಿದೆ. ಅವಳು ಎರಡು ಸಲವೂ ಬರ್ಕೊಂಡ್ಲು.

ನವೆಂಬರ್ 17

ಗೌರಿ ಅಪ್ಪ ದೀಪಾವಳಿಗೆ ಬಂದಿದ್ದಾರೆ. ಮಗಳ ಜೊತೆ ಸ್ಕೂಲಿಗೇ ಬಂದ್ರು. ಗೌರಿ ಏನೋ ನೆಪ ಹೇಳಿ ಲೈಬ್ರರಿ ಕಡೆ ಹೋದ್ಲು. ನಾವು ಜಗಲಿ ಮೇಲೆ. ಕೂದಲು ಇನ್ನಷ್ಟು ಬೆಳ್ಳಗಾಗಿದೆ.

"ಮತ್ತೆ ಅದೇ ಮಾತು ಎತ್ತೋಕೆ ಬಂದಿಲ್ಲರೀ. ಥ್ಯಾಂಕ್ಸ್ ಹೇಳಿ ಹೋಗೋಣ ಅಂತ."

"ಹೇಳಿದ್ದಾಯ್ತಲ್ಲ."

"ಆಯ್ತು."

ಹೋಗಲಿಲ್ಲ. ನಾನೂ ಏಳಲಿಲ್ಲ. ಆಮೇಲೆ ನಾನೇ ಅಂದೆ —

"ನಾನು ಕೆಲಸ ಬಿಡೋದಿಲ್ಲ. ತಿಪಟೂರು ಬಿಟ್ಟು ಆಗ್ರಾಕ್ಕೆ ಬಂದಿರೋಕೂ ಆಗೋದಿಲ್ಲ. ಗೌರಿ ಇಲ್ಲೇ ಓದ್ತಾಳೆ. ಇಷ್ಟಕ್ಕೆ ಒಪ್ಪಿಗೆ ಆದ್ರೆ ನಮ್ಮಣ್ಣನ ಹತ್ರ ಬಂದು ಮಾತಾಡಿ."

ಅವರು ನನ್ನ ಮುಖ ನೇರ ನೋಡಿದ್ದು ಅದೇ ಮೊದಲು ಅನ್ಸುತ್ತೆ.

"ಹಳೇಬೀಡಿಗೆ ಟ್ರಾನ್ಸ್‌ಫರ್ ಕೇಳಿ ಹಾಕಿದ್ದೀನಿ. ಯಾವಾಗ ಆಗುತ್ತೋ ಗೊತ್ತಿಲ್ಲ. ಆಗದೇನೂ ಇರಬಹುದು."

"ಆಗೋವರೆಗೂ ರಜಕ್ಕೆ ಬನ್ನಿ."

"ಹೂಂ."

ಇನ್ನೊಂದು ಕೇಳಲೇಬೇಕಿತ್ತು. ಕೇಳಿದೆ. "ಈಗಲೂ ಮಗು ಸಲುವಾಗೀನಾ?"

ಟವಲಿನಿಂದ ಮುಖ ಒರೆಸ್ಕೊಂಡ್ರು.

"ಮಗುವಿಗೆ ನೀವು ಸಿಕ್ಕಿದ್ದಾಯ್ತು. ಅದಕ್ಕೆ ನಾನು ಬೇಕಾಗಲಿಲ್ಲ. ಈಗ ಕೇಳಿದ್ರೆ… ನನ್ನ ಸಲುವಾಗಿ ಕೇಳಬೇಕು."

"ಕೇಳಿ ಮತ್ತೆ."

ಕೇಳಿದ್ರು. ಹೂಂ ಅಂದೆ. ಅಷ್ಟೇ. ಬೆಲ್ ಹೊಡೀತು, ಕ್ಲಾಸಿಗೆ ಹೋದೆ. ಬೋರ್ಡಿನ ಮೇಲೆ ತಾರೀಖು ಬರೆದೆ. ಅಕ್ಷರ ವಕ್ರ ಬಂದ್ವು.

ನವೆಂಬರ್ 21. ಭಾನುವಾರ, ಬೆಳಿಗ್ಗೆ

ಇವತ್ತು ಅವರು ಬರ್ತಾರೆ, ತಾಯಿ, ಮಗಳು ಇಬ್ಬರನ್ನೂ ಕರ್ಕೊಂಡು. ಗುರುಸಿದ್ದಮ್ಮ ಮೇಡಂ ಆಗಲೇ ಬಂದು ನಡುಮನೇಲಿ ಕೂತು ಎಲ್ಲಕ್ಕೂ ತಾನೇ ಕಾರಣ ಅಂತ ಅಣ್ಣನಿಗೆ ಹೇಳ್ತಿದ್ದಾರೆ. ಅಣ್ಣ ಹೂಂಗುಟ್ತಿದ್ದಾನೆ. ಅತ್ತಿಗೆ ಒಬ್ಬಟ್ಟು ತಟ್ತಾ ಇದ್ದಾರೆ, ಅಡುಗೆಮನೆಯಿಂದ ಹಾಡು ಕೇಳ್ತಿದೆ. ಅವರು ಹಾಡಿದ್ದನ್ನ ಈ ಮನೇಲಿ ನಾನು ಕೇಳೇ ಇರಲಿಲ್ಲ. ಬೇರೆ ಸೀರೆ ಉಟ್ಕೊ ಅಂತ ಹೇಳಿಹೋಗಿ ಎಷ್ಟೋ ಹೊತ್ತಾಯ್ತು. ಇನ್ನೂ ಉಟ್ಟಿಲ್ಲ. ಸ್ಕೂಲಿಗೆ ಹೋಗೋ ಹತ್ತಿ ಸೀರೇಲೇ ಕೂತು ಇದನ್ನ ಬರೀತಿದ್ದೀನಿ.

ಭಯ ಇದೆ. ಇಲ್ಲ ಅಂತ ಬರೆದ್ರೆ ಸುಳ್ಳಾಗುತ್ತೆ. ಅವರು ಅಲ್ಲಿ, ನಾನು ಇಲ್ಲಿ… ಎಷ್ಟು ವರ್ಷವೋ. ಆದ್ರೂ —

ಬೀದಿ ಬಾಗಿಲು. ಗೌರಿ ದನಿ, "ಅತ್ತೇ, ಮಿಸ್ ಎಲ್ಲಿ?" ಅತ್ತಿಗೆ ಕೂಗ್ತಿದ್ದಾರೆ, "ಒಳಗವಳೆ ಕಣೇ, ನೀನೇ ಹೋಗಿ ಎಬ್ಬಿಸ್ಕೊಂಡ್ ಬಾ." ಓಡಿ ಬರ್ತಿರೋ ಸದ್ದು. ಉಳಿದದ್ದು ಆಮೇಲೆ ಬರೀತೀ—