ನಿಂತು ಬರೆದದ್ದು

ಮಾರ್ಚ್ ೪, ಬೆಳಿಗ್ಗೆ
ಇಂದೂ ನಿಂತೇ ಬರೆಯುತ್ತಿದ್ದೇನೆ, ಗಿಡ್ಡ ಕಪಾಟಿನ ಮೇಲೆ ದಿನಚರಿಯಿಟ್ಟು. ಕೂರಲಾಗದು. ಬೆನ್ನಿನ ಬುಡದಲ್ಲಿ, ಎಡಕ್ಕೆ, ನಿಂಬೆಹಣ್ಣಿನ ಗಾತ್ರದ ಊತ. ಹೆಂಡತಿಗೆ ತಮಾಷೆ. “ಎಷ್ಟು ಮಕ್ಕಳನ್ನ ಬೆಂಚಿನ ಮೇಲೆ ನಿಲ್ಲಿಸಿದ್ರಿ! ಈಗ ನಿಮ್ಮ ಸರದಿ, ನಿಂತ್ಕೊಳ್ಳಿ.” ನಕ್ಕೆ. ನಕ್ಕರೂ ನೋವು.

ಮಾರ್ಚ್ ೬
ಬೀದಿಯ ಕೊನೆಯ ಡಾಕ್ಟರು ನನ್ನ ಹಳೆಯ ವಿದ್ಯಾರ್ಥಿ. ಒತ್ತಿ ನೋಡಿ, “ಕೀವು ಕಟ್ಟಿದೆ ಸರ್, ಈಗ್ಲೇ ಕುಯ್ದುಬಿಡ್ತೀನಿ” ಎಂದ. ಕುಯ್ದ. ಕೀವು ಬರಲಿಲ್ಲ, ಬರೀ ರಕ್ತ. ಅವನ ಮುಖ ಬಿಳಿಚಿಕೊಂಡಿತು. ಒಂದು ಚೂರನ್ನು ಪರೀಕ್ಷೆಗೆ ಕಳಿಸಿದ್ದಾನೆ.

ಮಾರ್ಚ್ ೨೧
ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲವೆಂದಲ್ಲ.
ಕುರುವಲ್ಲ, ಕ್ಯಾನ್ಸರ್ — ಮೂಳೆಯ ಪಕ್ಕದ ಮೆತ್ತನೆಯ ಮಾಂಸದಲ್ಲಿ ಹುಟ್ಟುವ, ತೀರಾ ಅಪರೂಪದ ಜಾತಿಯದು. ದೊಡ್ಡಾಸ್ಪತ್ರೆಯ ಸರ್ಜನ್ ಸ್ಕ್ಯಾನನ್ನು ಬೆಳಕಿಗೆ ಹಿಡಿದರು. “ಇದನ್ನ ಯಾರು ಕುಯ್ದಿದ್ದು? ಮೊದಲು ಸ್ಕ್ಯಾನ್ ಮಾಡ್ಬೇಕು, ಆಮೇಲೆ ಸೂಜೀಲಿ ಒಂದೆಳೆ ತೆಗೀಬೇಕು. ಕತ್ತಿ ಕೊನೆಗೆ. ಈಗ ಸುತ್ತಲೂ ಹರಡಿದೆ.”
ಜೊತೆಗೆ ಬಂದಿದ್ದ ಡಾಕ್ಟರ್ ಶಿಷ್ಯ ‘ನಾನೇ’ ಎನ್ನಲು ಬಾಯಿ ತೆರೆದ. “ಸುಮ್ನಿರೋ” ಎಂದೆ, ತರಗತಿಯ ದನಿಯಲ್ಲಿ. ಪುಣ್ಯಕ್ಕೆ ಹೆಂಡತಿ ಹೊರಗೆ ಕೂತಿದ್ದಳು.
ಮೊದಲು ರೇಡಿಯೇಷನ್, ಬಳಿಕ ಆಪರೇಷನ್. ಕಾಲಿನ ನರ ಹೋಗಬಹುದು, ಮೂತ್ರದ ಹಿಡಿತವೂ. ಒಪ್ಪಿದೆ.

ಏಪ್ರಿಲ್ ೨
ಗಾಯ ಮಾಯುತ್ತಿಲ್ಲ. ಡ್ರೆಸ್ಸಿಂಗಿಗೆ ದಿನವೂ ಶಿಷ್ಯನೇ ಬರುತ್ತಾನೆ. “ಹೊಟ್ಟೇಲಿ ಹುಟ್ಟಿದ ಮಗನೂ ಹೀಗೆ ನೋಡ್ಕೊಳ್ಳಲ್ಲ ಕಣಪ್ಪ” ಎಂದಳು ಇವಳು. ಅವನು ಆಗಷ್ಟೇ ಅಂಟಿಸಿದ್ದ ಪಟ್ಟಿಯನ್ನು ಕಿತ್ತು ಮತ್ತೆ ಅಂಟಿಸಿದ.
ಅವಳು ಒಳಗೆ ಹೋದ ಮೇಲೆ ಕೇಳಿದೆ: “ಯಾಕೋ ಅಷ್ಟು ಅವಸರ ಮಾಡಿದೆ?”
“ನೀವು ನರಳೋದನ್ನ ನೋಡೋಕಾಗ್ಲಿಲ್ಲ ಸರ್.”
ಈ ಉತ್ತರಕ್ಕೆ ಎಷ್ಟು ಅಂಕ ಕೊಡಲಿ?

ಮೇ ೧೯
ರೇಡಿಯೇಷನ್ ಮುಗಿದಿದೆ. ಎಡಪಾದಕ್ಕೆ ನೆಲ ತಿಳಿಯುವುದಿಲ್ಲ. ಹೊಸ ಸ್ಕ್ಯಾನ್ ಬಂತು... ಶ್ವಾಸಕೋಶದಲ್ಲೂ ಇದೆ. ಸೋಮವಾರದ ಆಪರೇಷನ್ ರದ್ದು. “ಇನ್ನು ನೋವು ಕಡಿಮೆ ಮಾಡೋಣ ಮಾಸ್ಟ್ರೇ” — ಸರ್ಜನ್ ಅಷ್ಟೇ ಹೇಳಿದರು. ನಾನು ಮನೆಯಲ್ಲಿ ಅಷ್ಟೂ ಹೇಳಲಿಲ್ಲ.

ಮೇ ೨೦, ಮಧ್ಯಾಹ್ನ
ಬೋರಲು ಮಲಗಿ ಬರೆಯುತ್ತಿದ್ದೇನೆ. ನಿಲ್ಲುವುದೂ ಮುಗಿಯಿತು. ಅಕ್ಷರ ಸೊಟ್ಟ, ತಿದ್ದುವುದಿಲ್ಲ.
ಇವಳು ಆಸ್ಪತ್ರೆಗೆಂದು ಚೀಲ ತುಂಬುತ್ತಿದ್ದಾಳೆ. ಹತ್ತಿ ತುಂಬಿ ತಾನೇ ಹೊಲಿದ ದಿಂಬೊಂದನ್ನು ಎತ್ತಿ ತೋರಿಸಿದಳು. “ರೀ, ನೋಡಿ ಎಷ್ಟು ಮೆತ್ತಗಿದೆ! ವಾಪಸ್ ಬರೋವಾಗ ಕಾರಲ್ಲಿ ಇದರ ಮೇಲೆ ಕೂತ್ಕೊಂಡೇ ಬರ್ಬೇಕು ನೀವು.”
ಹೇಳಲೇಬೇಕು. ಇಂದೇ. ಶಿಷ್ಯನ ತಪ್ಪಿನ ಮಾತು ಬಾರದಂತೆ ಹೇಳಬೇಕು. ಮೊದಲ ವಾಕ್ಯವನ್ನಾದರೂ ಇಲ್ಲಿ ಬರೆದಿಟ್ಟುಕೊಳ್ಳುತ್ತೇನೆ.
ನೋಡೇ, ಆ ದಿಂಬನ್ನು ಈಗಲೇ ಕೊಡು, ಸೋಮವಾರದ ಆಪರೇಷನ್