ಕಾಮಾ ಹೇಳುವವರಿಲ್ಲದ ಪುಟ

ನವೆಂಬರ್ ೯, ಭಾನುವಾರ

ಪ್ರೀತಿಯ ರೇಡಿಯೊ,

ಈ ಅಡ್ಡಹೆಸರು ಬರೆಯಲೋ ಬೇಡವೋ ಎಂದು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ಗಂಟಲಿನ ಆಪರೇಷನ್ ಆಗಿ ದನಿ ಹೋದವಳನ್ನು ರೇಡಿಯೊ ಅನ್ನುವುದೇ? ಆದರೆ ಬೇರೆ ಏನು ಬರೆದರೂ ಯಾರೋ ಹೊರಗಿನವಳಿಗೆ ಬರೆದಂತಾಗುತ್ತಿತ್ತು. ಬೈದುಕೋ. ಹೇಗಿದ್ದೀಯ? ನುಂಗುವಾಗ ಈಗಲೂ ನೋವೇ? ಕಾಗದ ತಡವಾದದ್ದಕ್ಕೆ ಸಿಟ್ಟಾಗಬೇಡ, ನನ್ನ ಕಣ್ಣು ಕೈಕೊಟ್ಟಿತ್ತು.

ನೀನು ರಜೆ ಹಾಕಿದ ಮೇಲೆ ನಮ್ಮ ಪ್ರೆಸ್ಸಿನಲ್ಲಿ ಕಾಗದದ ಕರಡು ನಿಂತೇಹೋಯಿತು. ನೀನು ಮೂಲಪ್ರತಿಯನ್ನು ಕಾಮಾ, ಪೂರ್ಣವಿರಾಮ ಸಮೇತ ಗಟ್ಟಿಯಾಗಿ ಓದುವುದು, ನಾನು ಕೆಂಪು ಪೆನ್ನಿನಲ್ಲಿ ಕರಡು ತಿದ್ದುವುದು ಎಲ್ಲ ಮುಗಿಯಿತು. ಈಗ ಮೂಲಪ್ರತಿ ಕಂಪ್ಯೂಟರಿನ ಅರ್ಧ ಪರದೆಯಲ್ಲಿ, ಕರಡು ಇನ್ನರ್ಧದಲ್ಲಿ, ಎದುರಿಗೆ ನಾನೊಬ್ಬಳೇ. ಸಂಜೆಯ ಹೊತ್ತಿಗೆ ಕಣ್ಣಿಗೆ ಮರಳು ಹೊಕ್ಕಂತಾಗುತ್ತಿತ್ತು. ಕಣ್ಣಿನ ಡಾಕ್ಟರು ಬೆಳಕು ಬಿಟ್ಟು ನೋಡಿ, “ಕಣ್ಣು ಚೆನ್ನಾಗೇ ಇದೆ. ರೆಪ್ಪೆ ಮಿಟುಕಿಸೋದನ್ನ ಮರೆತಿದ್ದೀರಿ, ಅಷ್ಟೆ” ಅಂದರು.

ದಾರಿಯಲ್ಲಿ ಬರುವಾಗ ಹೊಳೆಯಿತು. ನೀನು “ಕಾಮಾ” ಅಂದಾಗ, “ಹೊಸ ಪ್ಯಾರಾ” ಅಂದು ಉಸಿರೆಳೆದುಕೊಂಡಾಗ, ಆ ಬಿಡುವಿನಲ್ಲಿ ನಾನು ರೆಪ್ಪೆ ಮುಚ್ಚಿ ತೆರೆಯುತ್ತಿದ್ದೆ. ನಮಗೆ ಅದು ಎಷ್ಟು ಅಂಟಿಕೊಂಡಿತ್ತೆಂದರೆ, ಒಮ್ಮೆ ನೀನು ಮ್ಯಾನೇಜರರಿಗೆ ಫೋನಿನಲ್ಲಿ “ನಮಸ್ಕಾರ ಕಾಮಾ ನನಗೆ ಜ್ವರ ಪೂರ್ಣವಿರಾಮ” ಅಂದಿದ್ದೆ. ನೆನೆಸಿಕೊಂಡು ರಸ್ತೆಯಲ್ಲೇ ನಕ್ಕೆ. ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಕಣ್ಣಿಗೆ ಹಿತವಾದ ಪರದೆ ಯಾವುದಾದರೂ ನೋಡಿಕೊಂಡು ಬನ್ನಿ ಎಂದು ಮ್ಯಾನೇಜರರು ಕಂಪ್ಯೂಟರ್ ಅಂಗಡಿಗೆ ಕಳಿಸಿದರು. ಅಂಗಡಿಯವನು ಮೊದಲು ತೋರಿಸಿದ್ದು ಥಳಥಳ ಹೊಳೆಯುವ ಟ್ಯಾಬ್ಲೆಟ್ಟು. ಅಕ್ಷರಕ್ಕಿಂತ ನನ್ನ ಮುಖವೇ ಚೆನ್ನಾಗಿ ಕಂಡಿತು, ಆ ಮೋರೆಯನ್ನು ದಿನವಿಡೀ ಯಾರು ನೋಡುತ್ತಾರೆ? ಅದರ ಮೇಲೆ ಹಳದಿ ಹಾಳೆ ಅಂಟಿಸಿ ಕೊಟ್ಟ. ಹೊಳಪು ಹೋಯಿತು, ಜೊತೆಗೆ ಅಕ್ಷರವೂ ಮಂಕಾಯಿತು. ಕೊನೆಗೆ ಒಳಗೆ ದೀಪವೇ ಇಲ್ಲದ, ಬೂದು ಬಣ್ಣದ ಪರದೆಯ ಒಂದನ್ನು ಎತ್ತಿಕೊಂಡೆ. ಥೇಟ್ ನ್ಯೂಸ್‌ಪ್ರಿಂಟ್ ಹಾಳೆ. ಪುಟ ತಿರುಗಿಸಲು ಬೆರಳು ನಾಲಿಗೆಗೆ ಹೋಯಿತು ನೋಡು, “ಅಮ್ಮಾ, ಎಂಜಲು ಬೇಡ” ಅಂದ. ಪೆನ್ನಿನಲ್ಲಿ ಗೆರೆ ಎಳೆದರೆ ಒಂದು ಕ್ಷಣ ತಡೆದು ಮೂಡುತ್ತದೆ. “ಇದು ಸ್ವಲ್ಪ ನಿಧಾನ” ಎಂದು ಅವನೇ ಒಪ್ಪಿಕೊಂಡ. ಆ ನಿಧಾನಕ್ಕೇ ನನ್ನ ರೆಪ್ಪೆ ತಾನಾಗಿ ಮುಚ್ಚಿತು. ಇದೇ ಸಾಕು ಅಂದೆ.

ಒಂದೇ ಕೊರತೆ, ನನ್ನ ಕೆಂಪು ಇದರಲ್ಲಿ ಕಾಣುವುದಿಲ್ಲ, ಗುರುತೆಲ್ಲ ಬೂದಿ ಬಣ್ಣ. ಓದಿ ಹೇಳುವ ಯಂತ್ರವೂ ಒಳಗಿದೆ. ಹೆಣ್ಣು ದನಿ. ತಪ್ಪಿಲ್ಲದೆ ಓದಿತು, ಆದರೆ ಕಾಮಾ ಹೇಳುವುದಿಲ್ಲ, ಕೆಟ್ಟ ವಾಕ್ಯ ಬಂದರೆ ನಿನ್ನಂತೆ “ಅಯ್ಯೋ ಕರ್ಮ” ಅನ್ನುವುದೂ ಇಲ್ಲ. ಬಾಯಿ ಮುಚ್ಚಿಸಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮ್ಯಾನೇಜರರು ನಿನ್ನ ಕುರ್ಚಿ ತೋರಿಸಿ, “ಓದಿ ಹೇಳೋ ಕೆಲಸವೇ ಇಲ್ವಲ್ಲ, ಇನ್ನು ಅವರು ಬಂದು ಏನ್ ಮಾಡ್ತಾರೆ?” ಅಂದರು. ನನಗೆ ಮೈ ಉರಿಯಿತು. “ಹೋಗಿರೋದು ದನಿ ಸರ್, ಕಣ್ಣಲ್ಲ. ನಾನು ಬಿಟ್ಟ ತಪ್ಪನ್ನೆಲ್ಲ ಇಷ್ಟು ವರ್ಷ ಹಿಡಿದವಳು ಅವಳೇ” ಅಂದೆ. ಅದಕ್ಕೆ ಅವರು, “ಸರಿ, ಇನ್ನೊಂದು ತರಿಸಿ ಕೊಟ್ಟು ನೋಡಿ. ಈ ತಿಂಗಳು ಕಾಯ್ತೀನಿ” ಅಂದರು. ಆ ಇನ್ನೊಂದು ಈ ಕಾಗದದ ಜೊತೆಗಿದೆ. ಇದರಲ್ಲಿ ಮಾತೇ ಬೇಡ. ನೀನು ಅಲ್ಲಿ ಎಳೆದ ಗೆರೆ ಇಲ್ಲಿ ನನ್ನ ಪುಟದಲ್ಲಿ ಮೂಡುತ್ತದೆ. ಕಿಟಕಿಯ ಬೆಳಕಿನಲ್ಲಿ ಕೂತು ನೋಡು, ಮಂಕು ಬೆಳಕಿನಲ್ಲಿ ಬೇಡ.

ನಿನಗಿಂತ ದೊಡ್ಡವಳು ನಾನು, ಹರಸುವ ಹಕ್ಕಿದೆ. ಗಂಟಲು ಬೇಗ ಮಾಯಲಿ, ಊಟ ರುಚಿಸಲಿ, ಕಣ್ತುಂಬ ನಿದ್ದೆ ಬರಲಿ.

ನಿನ್ನ,
ಕೆಂಪಿ (ಈಗ ಬೂದಿ)

ತಾ.ಕ.: ಹೋದ ತಿಂಗಳು ನಿನ್ನ ಮನೆಗೆ ಬಂದಿದ್ದೆ. ಬೆಲ್ ಒತ್ತಿದಾಗ ಚಪ್ಪಲಿಯ ಸದ್ದು ಬಾಗಿಲವರೆಗೆ ಬಂದು ನಿಂತಿತು. ನಿನ್ನ ನಡಿಗೆ ನನಗೆ ಗೊತ್ತಿಲ್ಲವೇ? ಬಾಗಿಲು ತೆರೆಯಲಿಲ್ಲ. ನೀನು ಆ ಕಡೆ, ನಾನು ಈ ಕಡೆ, ಇಬ್ಬರೂ ನಿಂತೇ ಇದ್ದೆವು. ನನ್ನೆದುರು ಬಾಯಿ ತೆರೆಯಬೇಕಾಗುತ್ತದೆಂದು ಹೆದರಿದೆಯೋ ಏನೋ. ನಿನ್ನ ದನಿ ಕೇಳಲು ನಾನು ಬಂದಿರಲಿಲ್ಲ ಕಣೇ, ಪಕ್ಕದಲ್ಲಿ ಕೂರಲು ಬಂದಿದ್ದೆ. ನನಗೆ ತುಂಬ ನೋವಾಯಿತು. ಆ ದಿನದ ಬಗ್ಗೆ ನೀನು ಏನೂ ಬರೆಯಬೇಡ. ಆ ಪರದೆಯಲ್ಲಿ ಕಳಿಸಿರುವ ಕರಡಿನ ಮೊದಲ ಪುಟದಲ್ಲಿ ಒಂದು ತಪ್ಪನ್ನು ಬೇಕೆಂದೇ ತಿದ್ದದೆ ಬಿಟ್ಟಿದ್ದೇನೆ. ನಿನಗೆ ಅದನ್ನು ನೋಡಿಯೂ ಸುಮ್ಮನಿರಲು ಆಗುವುದಿಲ್ಲವೆಂದು ನನಗೆ ಗೊತ್ತು. ಇಲ್ಲಿ ಅದೇ ಪುಟ ತೆರೆದಿಟ್ಟುಕೊಂಡು ಕೂತಿದ್ದೇನೆ.